ಮನೆತನದಲ್ಲಿ ಯಾರಿಗೂ ಇಲ್ಲದ ಕ್ಯಾನ್ಸರ್ ಅಡಿಕೆಯಿಂದ ಬರುತ್ತದೆಯೇ?

ಪ್ರಶ್ನೆ: ಸಾಗರದ ಹತ್ತಿರ ನಮ್ಮ ಅಡಿಕೆ ತೋಟ. ಅಜ್ಜನ ಕಾಲದಿಂದ ಮನೆಯಲ್ಲಿ ಯಾರಿಗೂ ಕ್ಯಾನ್ಸರ್ ಬಂದಿಲ್ಲ. ನಾನು ಕವಳ (ಎಲೆಯಡಿಕೆ) ಹಾಕುತ್ತೇನೆ, ಹೊಗೆಸೊಪ್ಪು ಮುಟ್ಟುವುದಿಲ್ಲ. ಜೀನ್ ಚೆನ್ನಾಗಿದ್ದರೂ ಹೆದರಬೇಕೆ?

ಹೌದು, ಹೆದರಬೇಕು. ಹುಟ್ಟಿನಿಂದ ಬಂದ ಜೀನ್ ದೋಷವೇ ಮೂಲವಾಗಿರುವ ಕ್ಯಾನ್ಸರ್‌ಗಳು ನೂರಕ್ಕೆ 5ರಿಂದ 10 ಮಾತ್ರ. ಉಳಿದವುಗಳಲ್ಲಿ ಜೀನ್ ಕೆಡುವುದು, ಇಲ್ಲವೇ ಕೆಲಸ ನಿಲ್ಲಿಸಿ ಮುಚ್ಚಿಕೊಳ್ಳುವುದು, ಬದುಕಿನ ನಡುವೆ.

ಕೆಡುವುದೆಂದರೆ ಡಿಎನ್‌ಎ ಅಕ್ಷರವೇ ಬದಲಾಗುವುದು. ಬಾಯಿಯ ಕ್ಯಾನ್ಸರ್‌ನಲ್ಲಿ ಕೋಶದ ಕಾವಲುಗಾರನಂತಿರುವ ಪಿ53 ಜೀನ್‌ಗೆ ಹೀಗಾಗುವುದು ಸಾಮಾನ್ಯ. ಮುಚ್ಚಿಕೊಳ್ಳುವುದು ಇನ್ನೂ ವಿಚಿತ್ರ. ಪಿ16 ಎಂಬ ಪ್ರೋಟೀನ್ ಇದೆ. ಜೀವಕೋಶವನ್ನು ವಿಭಜನೆಗೆ ತಳ್ಳುವ ಸಿಡಿಕೆ4, ಸಿಡಿಕೆ6 ಕಿಣ್ವಗಳನ್ನು ಇದು ಹಿಡಿದು ನಿಲ್ಲಿಸುತ್ತದೆ. ಇದರ ಜೀನ್ ಶುರುವಾಗುವ ಜಾಗಕ್ಕೆ ಪ್ರೊಮೋಟರ್ ಎನ್ನುತ್ತಾರೆ. ಅಲ್ಲಿನ ಸೈಟೊಸಿನ್ ಎಂಬ ಡಿಎನ್‌ಎ ಅಕ್ಷರಗಳ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳು ಬಂದು ಕೂತರೆ ಡಿಎನ್‌ಎ ತಾನು ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನಿನ ಸುತ್ತ ಬಿಗಿಯಾಗುತ್ತದೆ, ಓದುವ ಕಿಣ್ವಕ್ಕೆ ಜಾಗ ಸಿಗುವುದಿಲ್ಲ. ನಮ್ಮ ಮಳೆಗಾಲದಲ್ಲಿ ಥಂಡಿ ಹಿಡಿದ ಪುಸ್ತಕದ ಹಾಳೆಗಳು ಅಂಟಿಕೊಂಡ ಹಾಗೆ: ಒಂದಕ್ಷರವೂ ಅಳಿಸಿಲ್ಲ, ಓದಲು ಮಾತ್ರ ಆಗದು. ಕೋಶ ಎರಡಾದಾಗ ಡಿಎನ್‌ಎಂಟಿ1 ಕಿಣ್ವ ಈ ಗುರುತನ್ನೂ ನಕಲು ಮಾಡುತ್ತದೆ. ಹಾಗಾಗಿ ತಡೆಯಿಲ್ಲದ ಕೋಶದ ಸಂತತಿಗೂ ತಡೆಯಿಲ್ಲ. ಎಲೆಯಡಿಕೆ ಜಗಿಯುವವರ ಬಾಯಲ್ಲಿ ಕ್ಯಾನ್ಸರ್‌ಗೆ ಮುಂಚಿನ ಹಂತದಲ್ಲೇ ಪಿ16 ಹೀಗೆ ಮುಚ್ಚಿಹೋಗಿದ್ದು ಕಂಡುಬಂದಿದೆ.

ಅಡಿಕೆ ಇನ್ನೊಂದು ತುದಿಯಿಂದಲೂ ಕೆಲಸ ಕೆಡಿಸುತ್ತದೆ. ಅದರಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ, ನಾರು ಕಟ್ಟಲು ಕೋಶಗಳಿಗೆ ಹೇಳುವ ಟಿಜಿಎಫ್-ಬೀಟಾ ಸಂಕೇತವನ್ನು ಕೆರಳಿಸಿದರೆ ಕೊಲಾಜೆನ್ ಎಂಬ ನಾರಿನ ಪ್ರೋಟೀನ್ ತಯಾರಿಸುವ ಜೀನ್‌ಗಳು ಅತಿಯಾಗಿ ದುಡಿಯುತ್ತವೆ. ಕೆನ್ನೆಯ ಒಳಗೆ ನಾರು ಕಟ್ಟುತ್ತದೆ, ಖಾರ ತಾಗಿದರೆ ಉರಿ, ಬಾಯಿ ಪೂರ್ತಿ ತೆರೆಯದು. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ಕಾಯಿಲೆ ಕ್ಯಾನ್ಸರ್‌ಗೆ ತಿರುಗಬಹುದು.

ಹೊಗೆಸೊಪ್ಪಿಲ್ಲದ ಕವಳವನ್ನೂ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆ ಧಾರಣೆಯ ಮೇಲೆ ಸಂಸಾರ ನಡೆಯುವ ನಮ್ಮ ಕಡೆ ಈ ಮಾತು ಹಿತವಲ್ಲ, ಗೊತ್ತು. ಆದರೆ ಅಲ್ಲಿ ಹೇಳಿರುವುದು ಜಗಿಯುವ ವಿಚಾರ.

ಮೀಥೈಲ್ ಗುರುತು ಕಳಚುವ ಅಜಾಸಿಟಿಡಿನ್‌ನಂಥ ಔಷಧಿಗಳಿವೆ. ಅವು ಕೆಲವು ರಕ್ತ ಸಂಬಂಧಿ ಕಾಯಿಲೆಗಳಿಗೆ. ಕವಳದ ಬಾಯಿಗೆ ಅವನ್ನು ನೆಚ್ಚಬೇಡಿ. ಕವಳ ಬಿಡಿ. ಬಿಳಿ ಅಥವಾ ಕೆಂಪು ಕಲೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ, ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಇಡಲಾಗದಿದ್ದರೆ, ದಂತವೈದ್ಯರಿಗೆ ತೋರಿಸಿ.