ಬೋಟ್ ಮೇಲೆ ಕಯಾಕ್, ತಲೆ ಮೇಲೆ ರೇಡಾರ್

"ಸರ್, ಬೋಟ್ ಮೇಲೆ ಕಯಾಕ್ ಹೇರಿದರೆ ರೇಡಾರ್ ಕೆಲಸ ಮಾಡುತ್ತಾ?" ತುಮಕೂರಿನ ಗೆಳೆಯರ ಗುಂಪೊಂದು ಕೇಳಿದ ಪ್ರಶ್ನೆ ಇದು. ಕಯಾಕ್ ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ಸಣ್ಣ ದೋಣಿ. ಬೋಟ್‌ಗಳಿಗೆ ರೇಡಾರ್, ಬೋಟ್‌ಗಳ ನಡುವೆ ಮಾತಾಡುವ ವಿಎಚ್‌ಎಫ್ ರೇಡಿಯೊ, ಮೀನು ಹುಡುಕುವ ಫಿಶ್ ಫೈಂಡರ್ ಕೂರಿಸುವುದು ನನ್ನ ಕಸುಬು. ಮನೆ ತುಮಕೂರಿನಲ್ಲಿ, ಕೆಲಸ ಕರಾವಳಿಯಲ್ಲಿ. ಕೇಳಿದವರು ಮಾರ್ಕೋನಹಳ್ಳಿ ಹಿನ್ನೀರಿನಲ್ಲಿ ಹುಟ್ಟು ಹಾಕಲು ಕಲಿತ ಹುಡುಗರು. ಈಗ ಎಲ್ಲರೂ ದುಡ್ಡು ಹಾಕಿ 22 ಅಡಿಯ ಫೈಬರ್ ಬೋಟ್ ಕೊಂಡು ಮಲ್ಪೆಯಲ್ಲಿ ಇಟ್ಟಿದ್ದಾರೆ. ಹಿಂದೆ ಔಟ್‌ಬೋರ್ಡ್ ಎಂಜಿನ್ ಇದೆ. ನಡುವಿನ ಕಮಾನಿನ ಮೇಲೆ 18 ಇಂಚಿನ ರೇಡಾರ್ ಗುಮ್ಮಟ, ಅಂದರೆ ರೇಡಾರ್‌ನ ಆಂಟೆನಾ ಒಳಗಿರುವ ದುಂಡು ಡಬ್ಬಿ ಇದೆ. ಎರಡು ಪ್ಲಾಸ್ಟಿಕ್ ಕಯಾಕ್‌ಗಳನ್ನು ಅದೇ ಕಮಾನಿನ ಪಕ್ಕದಲ್ಲಿ ಎತ್ತಿ ಕಟ್ಟಬೇಕು ಅನ್ನುವುದು ಅವರ ಯೋಚನೆ. ಅದಕ್ಕೆ ಅಂತರಸನಹಳ್ಳಿ ಕಡೆಯ ವರ್ಕ್‌ಶಾಪ್‌ನಲ್ಲಿ ಸ್ಟೀಲ್ ಪೈಪಿನ ಸ್ಟ್ಯಾಂಡ್ ಮಾಡಿಸಲು ಅಳತೆಯನ್ನೂ ಬರೆದುಕೊಂಡಿದ್ದರು.

ನನ್ನ ಉತ್ತರ ಅವರಿಗೆ ಆಶ್ಚರ್ಯ ತಂದಿತು. ರೇಡಾರ್‌ಗೆ ಕಯಾಕ್‌ನಿಂದ ದೊಡ್ಡ ತೊಂದರೆ ಇಲ್ಲ. ತೊಂದರೆ ಇರುವುದು ಆ ಸ್ಟ್ಯಾಂಡ್‌ನಿಂದ. ರೇಡಾರ್ ಕಣ್ಣಿಗೆ ಕಯಾಕ್ ಬೀಳುವುದೇ ಕಡಿಮೆ. ಬೋಟ್ ಮೇಲಿರುವಾಗ ಇದು ಅನುಕೂಲ. ಅದೇ ಕಯಾಕ್ ನೀರಿಗಿಳಿದ ಮೇಲೆ ಇದೇ ಗುಣ ಜೀವಕ್ಕೆ ಅಪಾಯ. ಹೇರುವುದರ ಬಗ್ಗೆ ಎಲ್ಲರೂ ಕೇಳುತ್ತಾರೆ, ಇಳಿಸಿದ ಮೇಲಿನದ್ದನ್ನು ಕೇಳುವವರು ಕಡಿಮೆ. ಅದಕ್ಕೇ ಎರಡನ್ನೂ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ರೇಡಾರ್ ರೇಡಿಯೊ ಅಲೆ ಬಿಟ್ಟು, ಅದು ಬಡಿದು ವಾಪಸ್ ಬಂದದ್ದರಿಂದ ಸುತ್ತ ಏನಿದೆ ಅಂತ ಪರದೆಯಲ್ಲಿ ತೋರಿಸುತ್ತದೆ. ಸಣ್ಣ ಬೋಟ್‌ಗಳ ರೇಡಾರ್ ಎಕ್ಸ್ ಬ್ಯಾಂಡ್ ಅನ್ನುವ ರೇಡಿಯೊ ಅಲೆಗಳಲ್ಲಿ ಕೆಲಸ ಮಾಡುತ್ತದೆ. ಕಂಪನ ಸುಮಾರು 9.4 ಗಿಗಾಹರ್ಟ್ಸ್, ಅಲೆಯ ಉದ್ದ ಸುಮಾರು 3.2 ಸೆಂ.ಮೀ. ಈ ಅಲೆಗಳು ಲೋಹಕ್ಕೆ ಬಡಿದರೆ ಚೆನ್ನಾಗಿ ವಾಪಸ್ ಬರುತ್ತವೆ. ಒಣಗಿದ ಪಾಲಿಥಿನ್ ಪ್ಲಾಸ್ಟಿಕ್ ಸಿಕ್ಕರೆ ಬಹುಪಾಲು ಹಾದು ಹೋಗುತ್ತವೆ. ರೇಡಾರ್‌ನ ಗುಮ್ಮಟವನ್ನೇ ಪ್ಲಾಸ್ಟಿಕ್ ಇಲ್ಲವೇ ಫೈಬರ್‌ನಿಂದ ಮಾಡಿರುತ್ತಾರಲ್ಲ, ಅದೂ ಇದೇ ಕಾರಣಕ್ಕೆ. ಆದರೆ ಎಲ್ಲ ಕಯಾಕ್‌ಗಳೂ ಒಂದೇ ಅಲ್ಲ. ಕಾರ್ಬನ್ ಫೈಬರ್‌ನದ್ದಾದರೆ ಅದು ವಿದ್ಯುತ್ ಹರಿಯುವ ವಸ್ತು, ರೇಡಾರ್‌ಗೆ ಗೋಡೆ ಕಟ್ಟಿದ ಲೆಕ್ಕ. ಹಲವು ಮಡಚುವ ಕಯಾಕ್‌ಗಳ ಒಳಗೆ ಅಲ್ಯೂಮಿನಿಯಂ ಚೌಕಟ್ಟು ಇರುತ್ತದೆ. ಪ್ಲಾಸ್ಟಿಕ್ ಕಯಾಕ್‌ನ ಹೊಟ್ಟೆಯಲ್ಲಿ ಮಳೆ ನೀರು ನಿಂತರೂ ಕಥೆ ಬೇರೆ, ಯಾಕೆಂದರೆ ನೀರು ಈ ಅಲೆಗಳನ್ನು ತಡೆಯುತ್ತದೆ. ಕಯಾಕನ್ನು ಬೋರಲು ಹಾಕಿ ಕಟ್ಟಿ, ಇಲ್ಲವೇ ಬಾಯಿಗೆ ಹೊದಿಕೆ ಹಾಕಿ. 10 ಲೀಟರ್ ನೀರು ಅಂದರೆ 10 ಕೆ.ಜಿ. ಅನ್ನುವುದೂ ನೆನಪಿರಲಿ.

ಈಗ ಸ್ಟ್ಯಾಂಡ್ ವಿಷಯ. 18 ಇಂಚಿನ ಗುಮ್ಮಟದ ಕಿರಣ ಅಡ್ಡಡ್ಡಲಾಗಿ ಕಿರಿದು, ಸುಮಾರು 5 ಡಿಗ್ರಿ. ಮೇಲೆ ಕೆಳಗೆ ಮಾತ್ರ ಅಗಲ, ಸುಮಾರು 25 ಡಿಗ್ರಿ. ಬೋಟ್ ಓಲಾಡಿದಾಗಲೂ ಗುರಿ ತಪ್ಪಬಾರದು ಅಂತ ಹಾಗೆ ಮಾಡಿರುತ್ತಾರೆ. ಅಂದರೆ ಗುಮ್ಮಟದ ನಡುವಿನಿಂದ ಕೆಳಗೆ 12.5 ಡಿಗ್ರಿವರೆಗೆ ಕಿರಣ ಹರಡುತ್ತದೆ. 1 ಮೀಟರ್ ದೂರದಲ್ಲಿ ಇದು 22 ಸೆಂ.ಮೀ. ಕೆಳಕ್ಕೆ ಬರುತ್ತದೆ, 2 ಮೀಟರ್ ದೂರದಲ್ಲಿ 44, 3 ಮೀಟರ್‌ನಲ್ಲಿ 66. ಈ ಲೆಕ್ಕವನ್ನು ಒಂದು ಚೀಟಿ ಮೇಲೆ ಬರೆದು ಟೇಪು ಹಿಡಿದು ಬೋಟ್‌ನಲ್ಲೇ ಅಳೆಯಿರಿ. ಕಿರಣದ ಈ ಕೆಳಗಿನ ಗೆರೆಗಿಂತ ಮೇಲಕ್ಕೆ ಬರುವ ಯಾವ ಲೋಹವೂ ರೇಡಾರ್‌ಗೆ ಅಡ್ಡಿ. ಗೆರೆಗೆ ತಾಗಿಕೊಂಡು ಕೂಡ ಏನೂ ಬೇಡ. ಅದು ಕಿರಣದ ಶಕ್ತಿ ಅರ್ಧಕ್ಕೆ ಇಳಿಯುವ ಜಾಗ ಅಷ್ಟೇ, ಅಲ್ಲಿಗೆ ಕಿರಣ ಮುಗಿಯುವುದಿಲ್ಲ. ನಾನು ಲೆಕ್ಕ ಕೊಟ್ಟದ್ದರ ದುಪ್ಪಟ್ಟು ಕೆಳಗೆ ಇಡಿ ಅಂತ ಹೇಳುತ್ತೇನೆ.

ಲೋಹ ಅಡ್ಡ ಬಂದರೆ ಎರಡು ರೀತಿಯ ಕೇಡು. ಮೊದಲನೆಯದು ನೆರಳು. ಟಾರ್ಚ್ ಬೆಳಕಿಗೆ ಕೈ ಅಡ್ಡ ಹಿಡಿದ ಹಾಗೆ, ಆ ದಿಕ್ಕಿನಲ್ಲಿ ಇರುವುದು ಕಾಣುವುದಿಲ್ಲ ಅಥವಾ ಮಂಕಾಗಿ ಕಾಣುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ಕಿರಣ ಸ್ಟ್ಯಾಂಡಿಗೆ ಬಡಿದು ತಿರುಗಿ, ಬೇರೆ ದಿಕ್ಕಿನಲ್ಲಿರುವ ಹಡಗಿಗೆ ತಾಗಿ, ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ರೇಡಾರ್‌ಗೆ ಈ ತಿರುವು ಗೊತ್ತಾಗುವುದಿಲ್ಲ. ಮುಂದೆ ಇರುವ ಟ್ರಾಲ್ ಬೋಟನ್ನು ಅಷ್ಟೇ ದೂರದಲ್ಲಿ ಪಕ್ಕದಲ್ಲೂ ಒಂದು ಇದೆ ಅಂತ ತೋರಿಸುತ್ತದೆ. ಮಳೆಯಲ್ಲಿ, ಕತ್ತಲಲ್ಲಿ ಇಲ್ಲದ ಬೋಟನ್ನು ತಪ್ಪಿಸಲು ಹೋಗಿ ಇರುವ ಬೋಟಿಗೆ ಹೋಗಿ ಗುದ್ದುವ ಅಪಾಯ ಇದೆ. ಚಪ್ಪಟೆ ಪಟ್ಟಿ, ಚೌಕ ಪೈಪು ಈ ವಿಷಯದಲ್ಲಿ ದುಂಡು ಪೈಪಿಗಿಂತ ಕೆಟ್ಟವು.

ಕಾರ್ಬನ್ ಕಯಾಕ್ ಇರುವವರು ಅದನ್ನು ಇಡುವ ದಿಕ್ಕಿನ ಬಗ್ಗೆಯೂ ಯೋಚಿಸಬೇಕು. 3.6 ಮೀಟರ್ ಉದ್ದದ ಕಯಾಕನ್ನು ಗುಮ್ಮಟದ ಎತ್ತರಕ್ಕೆ, 2 ಮೀಟರ್ ಮುಂದೆ, ಬೋಟಿಗೆ ಅಡ್ಡಲಾಗಿ ಇಟ್ಟರೆ ಸುಮಾರು 84 ಡಿಗ್ರಿ ನೆರಳಾಗುತ್ತದೆ. ಸುತ್ತಲ ನೋಟದ ಕಾಲು ಭಾಗದಷ್ಟು ಹೋಯಿತು, ಅದೂ ನೇರ ಮುಂದಿನದ್ದು. ಅದನ್ನೇ ಬೋಟಿನ ಉದ್ದಕ್ಕೆ ಇಟ್ಟರೆ ಅಡ್ಡ ಬರುವುದು ಅದರ ಅಗಲ ಮಾತ್ರ. 75 ಸೆಂ.ಮೀ. ಅಗಲಕ್ಕೆ ನೆರಳು ಸುಮಾರು 21 ಡಿಗ್ರಿ. ಕೆಳಗೆ ಇಟ್ಟುಬಿಟ್ಟರೆ ಅದೂ ಇಲ್ಲ.

ಕೆಳಗೆ ಇಡಿ ಅನ್ನಲು ರೇಡಾರ್ ಒಂದೇ ಕಾರಣ ಅಲ್ಲ. 12 ಅಡಿಯ ಪ್ಲಾಸ್ಟಿಕ್ ಕಯಾಕ್ ಒಂದರ ತೂಕ 25 ಕೆ.ಜಿ. ಆಸುಪಾಸು. ಎರಡು ಅಂದರೆ 50 ಕೆ.ಜಿ. ಅಷ್ಟು ತೂಕ ಕಮಾನಿನ ಎತ್ತರದಲ್ಲಿ ಕೂತರೆ 22 ಅಡಿಯ ಬೋಟ್ ಜಾಸ್ತಿ ವಾಲುತ್ತದೆ, ನಿಧಾನವಾಗಿ ನೆಟ್ಟಗಾಗುತ್ತದೆ. ಗಾಳಿಯ ಲೆಕ್ಕ ಇನ್ನೂ ಮುಖ್ಯ. ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ. ಬೋಟ್ 15 ನಾಟ್ ವೇಗದಲ್ಲಿ 15 ನಾಟ್ ಗಾಳಿಗೆ ಎದುರಾಗಿ ಹೋದರೆ ಕಯಾಕ್‌ಗೆ ಬಡಿಯುವುದು 30 ನಾಟ್ ಗಾಳಿ. ಗಾಳಿ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಮಗ್ಗುಲಿನಿಂದ 30 ನಾಟ್ ಗಾಳಿ ಬೀಸಿದರೆ ಇಂಥ ಒಂದು ಕಯಾಕ್ ಮೇಲೆ ಸುಮಾರು 18 ಕೆ.ಜಿ. ತೂಕದಷ್ಟು ಬಲ ಬೀಳುತ್ತದೆ. ಎರಡೂ ಎತ್ತರದಲ್ಲಿದ್ದರೆ ಆ ಬಲ ಬೋಟನ್ನು ಉರುಳಿಸುವ ಕಡೆಗೇ ಕೆಲಸ ಮಾಡುತ್ತದೆ.

ಹಾಗಾದರೆ ಎಲ್ಲಿ ಇಡುವುದು? ನನ್ನ ಮೊದಲ ಆಯ್ಕೆ ಬೋಟಿನ ಒಳಗೆ, ಒಂದು ಪಕ್ಕಕ್ಕೆ, ಉದ್ದುದ್ದ. ಮೂತಿ ಮುಂದಿನ ಡೆಕ್ ಮೇಲೆ, ಬಾಲ ಕೆಳಗೆ. ಎರಡು ಕಯಾಕ್ ಇದ್ದರೆ ಪಕ್ಕಕ್ಕೊಂದು, ಆಗ ತೂಕವೂ ಸಮ ಆಗುತ್ತದೆ. ಬೋಟಿನ ಹೊರಮಗ್ಗುಲಿಗೆ ನೇತು ಹಾಕುವವರೂ ಇದ್ದಾರೆ, ಅದು ನನಗೆ ಅಷ್ಟು ಹಿಡಿಸುವುದಿಲ್ಲ. ಅಲೆ ಬಡಿಯುತ್ತದೆ, ಜೆಟ್ಟಿಗೆ ಉಜ್ಜುತ್ತದೆ. ಬೋಟಿನ ಎರಡು ಮಗ್ಗುಲಿನ ಕೆಂಪು, ಹಸಿರು ದೀಪಗಳನ್ನೂ ಮುಚ್ಚಿಬಿಡಬಹುದು. ಆ ದೀಪಗಳು ನೇರ ಮುಂದಿನಿಂದ ಮಗ್ಗುಲಿಗೆ ಬಂದು ಸ್ವಲ್ಪ ಹಿಂದಕ್ಕೂ, ಒಂದೊಂದೂ ಒಟ್ಟು 112.5 ಡಿಗ್ರಿ ಕಾಣಬೇಕು ಅನ್ನುವುದು ನಿಯಮ. ಕಯಾಕ್ ಕಟ್ಟಿದ ಮೇಲೆ ಒಬ್ಬರು ಜೆಟ್ಟಿ ಮೇಲೆ ನಡೆದು ನೋಡಿ ಬರಲಿ. ಜಾಗವೇ ಇಲ್ಲ ಅಂದರೆ ಗಾಳಿ ತುಂಬುವ ಕಯಾಕ್ ಕೊಳ್ಳಿ. ಇಷ್ಟು ಸಣ್ಣ ಬೋಟಿಗೆ ಅದೇ ಹೊಂದುತ್ತದೆ. ಎಳೆದುಕೊಂಡು ಹೋಗುವುದು ನದಿಮುಖದ ಶಾಂತ ನೀರಿನಲ್ಲಿ ಸರಿ, ಅಲೆ ಇರುವ ಕಡೆ ಬೇಡ. ಕಯಾಕ್ ಮಗುಚಿ ನೀರು ತುಂಬಿಕೊಂಡರೆ ಹಗ್ಗ ಕತ್ತರಿಸುವುದೊಂದೇ ದಾರಿ.

ಸ್ಟ್ಯಾಂಡ್ ಬೇಕೇ ಬೇಕು ಅಂದರೆ ತಗ್ಗಿನದ್ದು ಮಾಡಿಸಿ, ಪೈಪು 316 ದರ್ಜೆಯ ಸ್ಟೀಲ್ ಇರಲಿ. ನಮ್ಮ ಊರಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 304. ನೀರಿನ ಟ್ಯಾಂಕಿಗೆ, ಗೇಟಿಗೆ ಅದು ಚೆನ್ನ, ಉಪ್ಪು ಗಾಳಿಗೆ ಚುಕ್ಕಿ ಚುಕ್ಕಿಯಾಗಿ ತುಕ್ಕು ಹಿಡಿಯುತ್ತದೆ.

ಕಟ್ಟಲು ತೆಂಗಿನ ನಾರಿನ ಹಗ್ಗ ಆಗುತ್ತಾ ಅಂತ ಒಬ್ಬ ಹುಡುಗ ಕೇಳಿದ. ತಿಪಟೂರು ಕಡೆಯವನು, ಕೇಳಿದ್ದು ಸಹಜವೇ. ನಾರು ಉಪ್ಪು ನೀರಿಗೆ ಕೊಳೆಯದೆ ಬಾಳುತ್ತದೆ, ತೇಲುತ್ತದೆ, ನಿಜ. ಆದರೆ ಎಳೆದರೆ ಹಿಗ್ಗುತ್ತದೆ, ದಪ್ಪಕ್ಕೆ ತಕ್ಕ ಬಲವೂ ಇಲ್ಲ. ನೈಲಾನ್ ಕೂಡ ಒದ್ದೆಯಾದರೆ ಸಡಿಲ ಬೀಳುತ್ತದೆ. ಪಾಲಿಯೆಸ್ಟರ್ ಪಟ್ಟಿಯೇ ಒಳ್ಳೆಯದು, ಕಾರಿನ ಚಾವಣಿಗೆ ಕಯಾಕ್ ಕಟ್ಟುವಾಗ ಬಳಸುವಂಥದ್ದು. ತಿಪಟೂರು, ಅರಸೀಕೆರೆ ದಾಟಿ ಚಾರ್ಮಾಡಿ ಇಳಿಯುವವರೆಗೂ ಅದೇ ಪಟ್ಟಿ, ಬೋಟಿಗೂ ಅದೇ. ಬೋಟ್ ಜೆಟ್ಟಿಯಲ್ಲಿ ನಿಂತಾಗ ಮಾತ್ರ ಪಟ್ಟಿ ಸಡಿಲ ಮಾಡಿ. ಬಿಸಿಲಿಗೆ ಪಾಲಿಥಿನ್ ಮೆತ್ತಗಾಗಿ ಬಿಗಿದ ಕಡೆ ತಗ್ಗು ಬೀಳುತ್ತದೆ.

ಕಯಾಕ್ ಏರಿಸುವಾಗ, ಇಳಿಸುವಾಗ ರೇಡಾರನ್ನು ಸ್ಟ್ಯಾಂಡ್‌ಬೈಗೆ, ಅಂದರೆ ಅಲೆ ಬಿಡದ ಸ್ಥಿತಿಗೆ ಹಾಕಿ. ಆ ಹೊತ್ತಿನಲ್ಲಿ ಜನ ಡೆಕ್ ಮೇಲೆ ಹತ್ತುತ್ತಾರೆ, ಮುಖ ಗುಮ್ಮಟದ ಮಟ್ಟಕ್ಕೆ ಬರುತ್ತದೆ. ಹಳೆಯ ಮ್ಯಾಗ್ನೆಟ್ರಾನ್ ರೇಡಾರ್ 4 ಕಿಲೋವಾಟ್ ಅಂದಾಗ ಭಯ ಪಡಬೇಕಿಲ್ಲ. ಅದು ಕ್ಷಣದ ಮಿಡಿತದ ಶಕ್ತಿ, ಸರಾಸರಿ ಕೆಲವೇ ವಾಟ್. ಹೊಸ ಸಾಲಿಡ್ ಸ್ಟೇಟ್ ರೇಡಾರ್‌ಗಳ ಮಿಡಿತವೇ ಕೆಲವು ಹತ್ತು ವಾಟ್. ಹಾಗಿದ್ದರೂ ಎಷ್ಟು ದೂರ ಇರಬೇಕು ಅಂತ ನಿಮ್ಮ ರೇಡಾರ್‌ನ ಕೈಪಿಡಿಯಲ್ಲಿ ಬರೆದಿರುತ್ತದೆ, ಅದನ್ನು ಪಾಲಿಸಿ.

ಇನ್ನು ಕಯಾಕ್ ನೀರಿಗೆ ಇಳಿಯಿತು ಅಂತಿಟ್ಟುಕೊಳ್ಳಿ. ಇಲ್ಲಿಂದ ಮುಂದೆ ಬರೆಯುವುದನ್ನು ದಯವಿಟ್ಟು ಎರಡು ಸಲ ಓದಿ.

ಹುಟ್ಟು ಹಾಕುವವರಿಗೆ ಒಂದು ನಂಬಿಕೆ ಇರುತ್ತದೆ, ನಮ್ಮ ಬೋಟಿನಲ್ಲಿ ರೇಡಾರ್ ಇದೆ, ನಾವು ಎಲ್ಲಿದ್ದರೂ ಕಾಣುತ್ತೇವೆ ಅಂತ. ಇದು ಸುಳ್ಳು. ಪ್ಲಾಸ್ಟಿಕ್ ಕಯಾಕ್ ರೇಡಾರ್ ಅಲೆಗಳನ್ನು ಹೆಚ್ಚು ಕಡಿಮೆ ವಾಪಸ್ ಕಳಿಸುವುದೇ ಇಲ್ಲ. ಕೂತ ಮನುಷ್ಯನ ಮೈಯಿಂದ ಒಂದಿಷ್ಟು ಬರುತ್ತದೆ, ಆದರೆ ಅವನು ನೀರಿನಿಂದ ಮೇಲಿರುವುದು ಒಂದು ಮೀಟರೂ ಇಲ್ಲ. ಕಡಲ ಅಲೆಯ ತಗ್ಗಿಗೆ ಇಳಿದಾಗ ಅದೂ ಮಾಯ. ಇದರ ಜೊತೆಗೆ ಬೋಟಿನ ಸುತ್ತಲಿನ ಅಲೆಗಳೇ ಪರದೆ ಮೇಲೆ ಚುಕ್ಕಿಗಳಾಗಿ ಕಾಣುತ್ತವೆ. ಅವನ್ನು ಅಳಿಸಲು ಸೀ ಕ್ಲಟರ್ ಗುಂಡಿ ತಿರುಗಿಸಿದರೆ ಕಯಾಕ್‌ನ ಸಣ್ಣ ಚುಕ್ಕಿಯೂ ಅಳಿಸಿ ಹೋಗುತ್ತದೆ. ಆಟೋದಲ್ಲಿ ಬಿಟ್ಟರೂ ಅಷ್ಟೇ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ 1972ರ ಅಂತರರಾಷ್ಟ್ರೀಯ ನಿಯಮಗಳಲ್ಲೇ ಇದು ಇದೆ. ರೇಡಾರ್ ಇರುವ ಹಡಗು ವೇಗ ಎಷ್ಟಿರಬೇಕು ಅಂತ ತೀರ್ಮಾನಿಸುವಾಗ, ಸಣ್ಣ ದೋಣಿಗಳು ಸಾಕಷ್ಟು ದೂರದಿಂದ ರೇಡಾರ್‌ಗೆ ಸಿಗದೆ ಹೋಗಬಹುದು ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು 6ನೇ ನಿಯಮ ಹೇಳುತ್ತದೆ. ಕಣ್ಣು, ಕಿವಿಯಿಂದ ಸದಾ ಕಾವಲು ಇರಬೇಕು ಅನ್ನುವುದು 5ನೇ ನಿಯಮ. ನಸುಕಿನಲ್ಲಿ ಬಂದರಿಗೆ ಮರಳುವ ಮೀನುಗಾರಿಕೆ ಬೋಟನ್ನು ನಡೆಸುವ ತಾಂಡೇಲ ಎಷ್ಟೇ ಅನುಭವಸ್ಥನಾಗಿರಲಿ, ಅವನ ಪರದೆ ಮೇಲೆ ನೀವು ಇಲ್ಲದೆ ಇರಬಹುದು.

ಕಯಾಕ್ ಒಳಗೆ ಅಲ್ಯೂಮಿನಿಯಂ ಹಾಳೆ ಮುದುಡಿ ತುಂಬಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಅದು ನೀರಿನ ಮಟ್ಟದಲ್ಲೇ ಇರುತ್ತದೆ, ಅಲೆ ಮರೆಯಲ್ಲಿ ಕೂರುತ್ತದೆ. ಅದನ್ನು ನಂಬಬೇಡಿ. ಮೂರು ತ್ರಿಕೋನ ಲೋಹದ ಹಲಗೆ ಒಂದಕ್ಕೊಂದು ಲಂಬವಾಗಿ ಕೂಡುವ ಮೂಲೆ ಪ್ರತಿಫಲಕ ನಿಜವಾಗಿ ಕೆಲಸ ಮಾಡುತ್ತದೆ, ಆದರೆ ಅಳತೆ ಮುಖ್ಯ. ಅಂಚು 20 ಸೆಂ.ಮೀ. ಇದ್ದರೆ ಲೆಕ್ಕದ ಪ್ರಕಾರ ಅದು ರೇಡಾರ್‌ಗೆ ಹೆಚ್ಚೆಂದರೆ 6.5 ಚದರ ಮೀಟರ್ ಗುರಿಯಾಗಿ ಕಾಣುತ್ತದೆ. 10 ಸೆಂ.ಮೀ. ಆದರೆ 0.4 ಮಾತ್ರ. ಅರ್ಧ ಮಾಡಿದರೆ ಹದಿನಾರನೇ ಒಂದು ಪಾಲು ಉಳಿಯುತ್ತದೆ. ಅದಕ್ಕೇ ಸುಮ್ನೆ ಅಂಗೈ ಅಗಲದ್ದು ಕೊಂಡು ಸಮಾಧಾನ ಪಡಬೇಡಿ. ದೊಡ್ಡದನ್ನೇ ಕೋಲಿನ ತುದಿಗೆ ಕಟ್ಟಿ ಕನಿಷ್ಠ 1 ಮೀಟರ್ ಎತ್ತರಕ್ಕೆ ನಿಲ್ಲಿಸಿ. ಅಷ್ಟು ಎತ್ತರದಲ್ಲಿ ಗಾಳಿಗೆ ಕಯಾಕ್ ತೊನೆಯುತ್ತದೆ, ಹೊಸಬರಿಗೆ ಕಷ್ಟ. ಮೊದಲು ಕೆರೆಯಲ್ಲಿ ಕಟ್ಟಿಕೊಂಡು ಅಭ್ಯಾಸ ಮಾಡಿ, ಆಮೇಲೆ ಮಲ್ಪೆಗೆ ಹೋಗಿ.

ಇದರ ಮೇಲೆ ಕಣ್ಣಿಗೆ ಕಾಣುವ ವ್ಯವಸ್ಥೆ ಬೇಕು. ಕಿತ್ತಳೆ ಬಣ್ಣದ ಜಾಕೆಟ್ಟು, ಸಿಳ್ಳೆ, ನೀರು ಹೋಗದ ವಿಎಚ್‌ಎಫ್ ಸೆಟ್ಟು, ಅದು ತುರ್ತು ಕರೆಯ 16ನೇ ಚಾನೆಲ್‌ನಲ್ಲಿ ಇರಲಿ. ಕತ್ತಲಾದರೆ ಬಿಳಿ ಬೆಳಕಿನ ಟಾರ್ಚು ಕೈಗೆ ಸಿಗುವಂತಿರಬೇಕು, ಡಿಕ್ಕಿ ತಪ್ಪಿಸುವಷ್ಟು ಮುಂಚೆಯೇ ತೋರಿಸಬೇಕು. ಹುಟ್ಟು ಹಾಕುವ ದೋಣಿಗಳಿಗೆ ನಿಯಮವೂ ಕನಿಷ್ಠ ಇಷ್ಟನ್ನು ಕೇಳುತ್ತದೆ. ಕಯಾಕ್ ಹೊರಗಿರುವಷ್ಟು ಹೊತ್ತು ಬೋಟಿನಲ್ಲಿ ಒಬ್ಬರು ಅವರ ಮೇಲೆ ಕಣ್ಣಿಟ್ಟು ನಿಂತಿರಬೇಕು. ಅವರಿಗೆ ಬೇರೆ ಕೆಲಸ ಕೊಡಬೇಡಿ, ಫೋಟೊ ತೆಗೆಯುವುದೂ ಸೇರಿ.

ಮಲ್ಪೆಗೆ ಹೋದ ಮೊದಲ ಶಾಂತ ದಿನವೇ ಎರಡು ಪರೀಕ್ಷೆ ಮಾಡಿ. ಮೊದಲನೆಯದು, ಕಯಾಕ್ ಕಟ್ಟಿಕೊಂಡು ಅರ್ಧ ನಾಟಿಕಲ್ ಮೈಲಿ (ಸುಮಾರು 900 ಮೀಟರ್) ದೂರದಲ್ಲಿರುವ ಬೋಯ್ (ನೀರಿನಲ್ಲಿ ತೇಲುವ ಗುರುತು) ಒಂದನ್ನು ಪರದೆಯಲ್ಲಿ ಹಿಡಿದು, ಬೋಟನ್ನು ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ. ಯಾವ ಡಿಗ್ರಿಯಲ್ಲಿ ಚುಕ್ಕಿ ಮಂಕಾಯಿತು, ಯಾವುದರಲ್ಲಿ ಹೋಯಿತು ಅಂತ ಬರೆದುಕೊಳ್ಳಿ. ಕಯಾಕ್ ಇಳಿಸಿ ಮತ್ತೆ ಸುತ್ತಿ. ಎರಡಕ್ಕೂ ಇರುವ ವ್ಯತ್ಯಾಸವೇ ನಿಮ್ಮ ಕಯಾಕ್‌ನ ನೆರಳು, ಎರಡು ಸಲವೂ ಮಂಕಾದದ್ದು ಸ್ಟ್ಯಾಂಡಿನಂಥವುಗಳ ನೆರಳು. ಎರಡನ್ನೂ ಒಂದು ವೃತ್ತದಲ್ಲಿ ಗುರುತು ಮಾಡಿ ಸ್ಟಿಯರಿಂಗ್ ಪಕ್ಕ ಅಂಟಿಸಿ. ಎರಡನೆಯದು, ಪ್ರತಿಫಲಕ ಕಟ್ಟಿದ ಕಯಾಕ್‌ನಲ್ಲಿ ಒಬ್ಬರನ್ನು ಕೂರಿಸಿ, ಬೋಟನ್ನು ನಿಧಾನವಾಗಿ ದೂರ ಒಯ್ಯಿರಿ. ಅವರು ಕಣ್ಣಳತೆಯಿಂದ ಆಚೆ ಹೋಗದಿರಲಿ, ವಿಎಚ್‌ಎಫ್‌ನಲ್ಲಿ ಮಾತಾಡುತ್ತಿರಿ. ಯಾವ ದೂರದಲ್ಲಿ ಚುಕ್ಕಿ ಪರದೆಯಿಂದ ಹೋಗುತ್ತದೋ ಬರೆಯಿರಿ, ಸೀ ಕ್ಲಟರ್ ಎಷ್ಟರಲ್ಲಿತ್ತು ಅನ್ನುವುದನ್ನೂ ಸೇರಿಸಿ. ಪ್ರತಿಫಲಕ ಬಿಚ್ಚಿ ಇನ್ನೊಮ್ಮೆ ಮಾಡಿ. ಜೂನ್, ಜುಲೈ ಎರಡೂ ತಿಂಗಳು ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆ ಬೋಟುಗಳೇ ಕಡಲಿಗೆ ಇಳಿಯುವುದಿಲ್ಲ, ನೀವೂ ಇಳಿಯಬೇಡಿ. ಮಳೆಗಾಲ ಕಳೆದು ಬೋಟ್ ಮತ್ತೆ ನೀರಿಗಿಳಿದಾಗ ಎರಡೂ ಪರೀಕ್ಷೆಗಳನ್ನು ಮೊದಲಿನಿಂದ ಮಾಡಿ, ಹಳೆಯ ಚೀಟಿ ಕಿತ್ತು ಹೊಸದು ಅಂಟಿಸಿ.