ಸರ್ವರ್ ಹೊತ್ಕೊಂಡು ಹೋದ್ರೆ ಹೆಂಗೆ, ಸಾವ್ಕಾರ್ರೇ?

ಹೋದ ಸುಗ್ಗಿಯಲ್ಲಿ ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಮಂಡಿಯೊಂದರಿಂದ ಫೋನ್ ಬಂತು. "ಟ್ಯಾಲಿ ಓಪನ್ ಆಗ್ತಿಲ್ಲ ಸರ್, ಬೇಗ ಬನ್ನಿ." ಹೋದರೆ ಆರು ಜನ ಗುಮಾಸ್ತರು ಕೈಕಟ್ಟಿ ಕೂತಿದ್ದಾರೆ. ಹೊರಗೆ ಲಾರಿಗಳು ಬಿಲ್ಲಿಗೆ ಕಾಯುತ್ತಿವೆ. ಎಲ್ಲರ ಕಂಪ್ಯೂಟರ್‌ಗೂ ಡೇಟಾ ಕೊಡುವ ಸರ್ವರ್ ಅಂತ ಇಟ್ಟಿದ್ದ ಲ್ಯಾಪ್‌ಟಾಪ್ ಎಲ್ಲಿ? ಸಾವ್ಕಾರ್ರ ಜೊತೆ ಚಿತ್ರದುರ್ಗಕ್ಕೆ ಮದುವೆಗೆ ಹೋಗಿದೆ!

"ಒಯ್ಯೋಕೆ ಬರೋ ಸರ್ವರ್ ಇಲ್ವಾ?" ಅಂತ ಎಷ್ಟು ಜನ ಕೇಳಿದ್ದಾರೋ. ಇದ್ದವು. ಐಬಿಎಂ ಕಂಪನಿ 1988ರಲ್ಲಿ ಎಎಸ್/400 ಎಂಬ, ಕಂಪನಿಗಳ ವ್ಯವಹಾರಕ್ಕೆ ಬಳಸುವ ಕಂಪ್ಯೂಟರ್ ತಂತು. 90ರ ದಶಕದಲ್ಲಿ ಅದರದೇ ಪೋರ್ಟಬಲ್ ಮಾದರಿಯೂ ಬಂತು. ಸರ್ವರ್‌ಗಳ ಸ್ಪಾರ್ಕ್ ಚಿಪ್ ಹಾಕಿ ಟ್ಯಾಡ್‌ಪೋಲ್ ಎಂಬ ಬ್ರಿಟಿಷ್ ಕಂಪನಿ ಲ್ಯಾಪ್‌ಟಾಪ್ ಮಾಡುತ್ತಿತ್ತು. ಇವನ್ನು ಕೊಂಡವರು ಹೆಚ್ಚಾಗಿ ಸಾಫ್ಟ್‌ವೇರ್ ಬರೆಯುವವರು, ಗಿರಾಕಿ ಮುಂದೆ ಡೆಮೊ ಕೊಡುವವರು. ಮಾರಾಟ ಕಡಿಮೆ, ಬೆಲೆ ಜಾಸ್ತಿ. ಆಮೇಲೆ ವೇಗದ ನೆಟ್‌ವರ್ಕ್ ಎಲ್ಲ ಕಡೆ ಬಂತು. ಆಫೀಸಿನ ಯಂತ್ರಕ್ಕೆ ದೂರದಿಂದಲೇ ಲಾಗಿನ್ ಆಗೋದಾದರೆ ಅದನ್ನು ಯಾಕೆ ಹೊರಬೇಕು? ಎಎಸ್/400ರ ವಂಶ ಐಬಿಎಂ ಐ ಹೆಸರಲ್ಲಿ ಇವತ್ತಿಗೂ ನಡೆಯುತ್ತಿದೆ. ಪೋರ್ಟಬಲ್ ಮಾತ್ರ ನಿಂತುಹೋಯಿತು.

ಇಷ್ಟು ಹೇಳಿದರೂ "ಚಿಕ್ಕದಾದ್ರೆ ಒಳ್ಳೇದಲ್ವಾ?" ಅನ್ನುತ್ತಾರೆ. ಚಿಕ್ಕದು ದೊಡ್ಡದರ ಮಾತಲ್ಲ ಸ್ವಾಮಿ. ಸರ್ವರ್ ಅಂದರೆ ಹತ್ತು ಜನ ಬಂದು ಕೇಳುವ ಜಾಗ. ಯಾರ್ಡಿನಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಇದ್ದ ಹಾಗೆ. ಲಾರಿ ಅದರ ಹತ್ತಿರ ಬರುತ್ತೆ, ಅದು ಲಾರಿ ಹಿಂದೆ ಹೋಗಲ್ಲ. ನೀವು ಬ್ಯಾಗಿಗೆ ಹಾಕಿಕೊಂಡ ಗಳಿಗೆಗೆ ಉಳಿದವರ ಕೆಲಸ ನಿಂತಿತು. ಎಷ್ಟೇ ತೆಳ್ಳಗೆ ಮಾಡಿದರೂ ಇದು ಬದಲಾಗಲ್ಲ.

ಹಗಲೂ ರಾತ್ರಿ ಚಾರ್ಜಿಗೆ ಹಾಕಿಟ್ಟಿದ್ದ ಆ ಲ್ಯಾಪ್‌ಟಾಪನ್ನು ಮಾರನೇ ದಿನ ಬಿಚ್ಚಿದೆ. ಬ್ಯಾಟರಿ ಉಬ್ಬಿ, ಟಚ್‌ಪ್ಯಾಡ್ ಹಪ್ಪಳದ ಹಾಗೆ ಮೇಲೆದ್ದಿತ್ತು. ಡಿಸ್ಕ್ ಒಂದೇ. ಅದು ಹೋದರೆ ಇಡೀ ವರ್ಷದ ಲೆಕ್ಕ ಹೋದಂತೆ. ಸರ್ವರ್‌ನಲ್ಲಿ ಒಂದೇ ಡೇಟಾ ಎರಡು ಡಿಸ್ಕಿನಲ್ಲಿ ಇರುವ ಹಾಗೆ ಮಾಡಬಹುದು. ಆದರೂ ಬ್ಯಾಕಪ್ ಬೇರೆ ಬೇಕೇ ಬೇಕು.

ಒಬ್ಬರೇ ಲೆಕ್ಕ ಬರೆಯುವ ಅಂಗಡಿಗೆ ಲ್ಯಾಪ್‌ಟಾಪ್ ಸಾಕಾಗಬಹುದು, ಸುಮ್ನೆ ಸರ್ವರ್ ಕೊಳ್ಳಬೇಡಿ. ದೂರದಿಂದ ನೋಡುವ ವ್ಯವಸ್ಥೆ ಮಾಡಿಸುವವರು ಪಾಸ್‌ವರ್ಡ್ 1234 ಇಡಬೇಡಿ. ಇಟ್ಟವರನ್ನು ನೋಡಿಯೇ ಹೇಳುತ್ತಿದ್ದೇನೆ.

ಆ ಮಂಡಿಯಲ್ಲಿ ಈಗ ಪುಟ್ಟ ಸರ್ವರ್ ಇದೆ. ಸಾವ್ಕಾರ್ರು ಯಾವ ಊರಲ್ಲಿದ್ದರೂ ಮೊಬೈಲಲ್ಲೇ ಬಿಲ್ ನೋಡುತ್ತಾರೆ. ಆದರೆ ಅದನ್ನು ಇಟ್ಟಿರೋದು ದೇವರ ಫೋಟೋ ಕೆಳಗೆ. ಮೊನ್ನೆ ಫ್ಯಾನ್ ಕ್ಲೀನ್ ಮಾಡಿದಾಗ ಒಂದು ಹಿಡಿ ಊದಿನಕಡ್ಡಿ ಬೂದಿ ಬಂತು.