ಸ್ಲೈಡ್ ಆರುವ ಮುಂಚೆ: ಲೈಂಗಿಕ ಸೋಂಕುಗಳ ಅಪಾಯ ಮತ್ತು ಪತ್ತೆ

ಡಿಎಂಎಲ್‌ಟಿ (ಲ್ಯಾಬ್ ಟೆಕ್ನೀಶಿಯನ್ ಡಿಪ್ಲೊಮಾ) ಓದುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ಇಡೀ ಪಾಠ ಇಲ್ಲಿಲ್ಲ. ಪೋಸ್ಟಿಂಗ್‌ನಲ್ಲಿ ನಾನು ಎಡವಿದ ಜಾಗಗಳನ್ನೇ ಹೆಚ್ಚು ಬರೆದಿದ್ದೇನೆ.

ಮೊದಲು ಅಪಾಯದ ಅಂಶಗಳು. ಕಾಂಡೋಮ್ ಇಲ್ಲದ ಸಂಪರ್ಕ, ಹೊಸ ಸಂಗಾತಿ, ಒಬ್ಬರಿಗಿಂತ ಹೆಚ್ಚು ಸಂಗಾತಿಗಳು, ಹಿಂದೊಮ್ಮೆ ಇಂಥದೇ ಸೋಂಕು, ಕುಡಿದ ಅಮಲು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. 15ರಿಂದ 24ರ ವಯಸ್ಸಿನ ಹುಡುಗಿಯರಲ್ಲಿ ಗರ್ಭಕೊರಳಿನ ಒಳಪದರ ಹೊರಗೆ ತೆರೆದುಕೊಂಡಿರುವುದರಿಂದ ಕ್ಲಮೈಡಿಯಾ ಬೇಗ ಅಂಟುತ್ತದೆ, ಇದನ್ನು ಕೆಲವರು ಬಿಡುತ್ತಾರೆ. ಬಹುತೇಕ ಎಲ್ಲರೂ ಬಿಡುವುದು ಸಂಗಾತಿಯ ಸಂಗಾತಿಯನ್ನು. ಮದುವೆಯಾದ ಮೇಲೆ ಹೊಸನಗರ ದಾಟದ ಹೆಂಗಸಿಗೂ ಸಿಫಿಲಿಸ್ ಬರಬಹುದು. ಅವಳ ಮಟ್ಟಿಗೆ ಇರುವ ಅಪಾಯ ಗಂಡನ ಮೂಲಕ ಬರುವುದು ಮಾತ್ರ. ಹಾಗಾಗಿ 'ಇವರಿಗೆಲ್ಲ ಎಲ್ಲಿಂದ ಬರುತ್ತೆ' ಅನ್ನುವ ಲೆಕ್ಕಾಚಾರ ಬೇಡ. ಟಾಯ್ಲೆಟ್ ಸೀಟು, ಟವೆಲ್ಲಿನ ಕಥೆಗಳನ್ನೂ ಬಿಟ್ಟುಬಿಡಿ.

ನಮ್ಮ ಕಡೆ ಇನ್ನೊಂದು ತೊಡಕು ಮಾತಿನದು. "ಬಿಳಿ ಸೆರಗು ಹೋಗ್ತದಾ ಅಕ್ಕಾ?" ಅಂತ ಸಿಸ್ಟರ್ ಕೇಳಿದರೆ, "ಎಂತದೂ ಇಲ್ಲ, ಸ್ವಲ್ಪ ಉಷ್ಣ ಅಷ್ಟೆ" ಅನ್ನುವ ಉತ್ತರ. ಮಜ್ಜಿಗೆ, ಎಳನೀರು ಕುಡಿದು ತಿಂಗಳುಗಟ್ಟಲೆ ಕಳೆದಿರುತ್ತಾರೆ. ಲ್ಯಾಬ್ ಫಾರಂನಲ್ಲಿ 'ತೊಂದರೆ ಇಲ್ಲ' ಅಂತ ಬಂದಿರುತ್ತದೆ. ಗೊನೋರಿಯಾ, ಕ್ಲಮೈಡಿಯಾ ಎರಡೂ ಹೆಂಗಸರಲ್ಲಿ ಬಹಳ ಸಲ ಸದ್ದಿಲ್ಲದೆ ಇರುತ್ತವೆ, ಕೊನೆಗೆ ಗರ್ಭನಾಳ ಮುಚ್ಚಿಕೊಂಡಾಗ ಮಕ್ಕಳಾಗದ ಸಮಸ್ಯೆಯಾಗಿ ಗೊತ್ತಾಗುತ್ತವೆ.

ಈಗ ಪತ್ತೆ. ಗಂಡಸಿನ ಮೂತ್ರನಾಳದ ಕೀವನ್ನು ಗ್ರಾಂ ಸ್ಟೇನ್ (ಬ್ಯಾಕ್ಟೀರಿಯಾ ಕಾಣುವಂತೆ ಬಣ್ಣ ಹಾಕುವ ವಿಧಾನ) ಮಾಡಿದಾಗ ಬಿಳಿ ರಕ್ತಕಣದ ಒಳಗೆ ಕೆಂಪು ಬಣ್ಣದ ಜೋಡಿ ಕಾಳುಗಳು ಕಂಡರೆ ಗೊನೋರಿಯಾ ಎನ್ನಲು ಅದೇ ಸಾಕು. ಹೆಂಗಸರಲ್ಲಿ ಅದೇ ಸ್ಟೇನ್ ಸುಮಾರು ಅರ್ಧದಷ್ಟು ಪ್ರಕರಣಗಳನ್ನು ತಪ್ಪಿಸಿಬಿಡುತ್ತದೆ. ಅವರಿಗೆ ಕಲ್ಚರ್ (ರೋಗಾಣು ಬೆಳೆಸಿ ನೋಡುವುದು) ಅಥವಾ ನ್ಯಾಟ್ (ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆ) ಬೇಕು. ಕ್ಲಮೈಡಿಯಾ ಜೀವಕೋಶದ ಒಳಗೇ ಬದುಕುವ ಜೀವಿ, ಗ್ರಾಂ ಸ್ಟೇನ್‌ನಲ್ಲಿ ಕಾಣುವುದೇ ಇಲ್ಲ.

ವೆಟ್ ಮೌಂಟ್ (ಸ್ರಾವವನ್ನು ಒಣಗಿಸದೆ ಹಸಿಯಾಗಿಯೇ ಮೈಕ್ರೋಸ್ಕೋಪಿನಲ್ಲಿ ನೋಡುವುದು) ವಿಷಯಕ್ಕೆ ನನ್ನ ತಪ್ಪನ್ನೇ ಹೇಳುತ್ತೇನೆ. ಆಗುಂಬೆ ಕಡೆಯ ಒಂದು ಲ್ಯಾಬ್, ಜುಲೈ ತಿಂಗಳು, ಹೊರಗೆ ಜಡಿಮಳೆ. ಸಲೈನ್ ಹನಿಯಲ್ಲಿ ಸ್ವ್ಯಾಬ್ ಅದ್ದಿ, ಕವರ್‌ಸ್ಲಿಪ್ ಹಾಕಿ, ಟೀ ಕುಡಿದು ಬಂದು ನೋಡಿದೆ. ಏನೂ ಇಲ್ಲ, 'ನೆಗೆಟಿವ್' ಅಂತ ಬರೆದೆ. ಹಿರಿಯ ಟೆಕ್ನೀಶಿಯನ್ ಅದೇ ಹೆಂಗಸಿನಿಂದ ಹೊಸ ಸ್ಯಾಂಪಲ್ ತರಿಸಿ ಆ ಕ್ಷಣವೇ 40ಎಕ್ಸ್‌ನಲ್ಲಿ ತೋರಿಸಿದರು. ಯೋನಿಯ ಸೋಂಕು ತರುವ ಏಕಕೋಶ ಜೀವಿ ಟ್ರೈಕೋಮೊನಾಸ್ ಗಾಳಕ್ಕೆ ಸಿಕ್ಕ ಮೀನಿನ ಹಾಗೆ ಜಗ್ಗಿ ಜಗ್ಗಿ ಓಡುತ್ತಿತ್ತು. ಹತ್ತಿಪ್ಪತ್ತು ನಿಮಿಷ ಕಳೆದರೆ, ಅದರಲ್ಲೂ ಚಳಿಯಲ್ಲಿ, ಅದು ನಿಂತುಹೋಗುತ್ತದೆ. ನಿಂತ ಮೇಲೆ ಅದಕ್ಕೂ ಬಿಳಿ ರಕ್ತಕಣಕ್ಕೂ ವ್ಯತ್ಯಾಸ ಹುಡುಕುವುದು ಕಷ್ಟ. ಅದೇ ಸ್ಲೈಡ್‌ನಲ್ಲಿ ಅಂಚು ಮಸುಕಾದ ಕ್ಲೂ ಸೆಲ್ (ಬ್ಯಾಕ್ಟೀರಿಯಾ ಮೆತ್ತಿಕೊಂಡ ಯೋನಿಯ ಜೀವಕೋಶ) ಕಂಡು, ಪಿಎಚ್ 4.5 ಮೀರಿ, ಶೇ 10ರ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಹಾಕಿದೊಡನೆ ಮೀನಿನ ವಾಸನೆ ಹೊಡೆದರೆ ಬ್ಯಾಕ್ಟೀರಿಯಲ್ ವಜೈನೋಸಿಸ್. ತೆಳು ಬಿಳಿ ಸ್ರಾವವೂ ಸೇರಿ ನಾಲ್ಕು ಲಕ್ಷಣ, ಮೂರು ಇದ್ದರೆ ಸಾಕು.

ಸಿಫಿಲಿಸ್‌ನ ರಕ್ತಪರೀಕ್ಷೆಯಾದ ಆರ್‌ಪಿಆರ್‌ಗೂ ಚಳಿ ಶತ್ರು. ಈ ಪರೀಕ್ಷೆ 23ರಿಂದ 29 ಡಿಗ್ರಿಯಲ್ಲಿ ಮಾಡುವಂಥದು. ಫ್ರಿಜ್‌ನಿಂದ ತೆಗೆದ ಆ್ಯಂಟಿಜೆನ್ನನ್ನು ತಣ್ಣಗಿರುವಾಗಲೇ ಕಾರ್ಡಿಗೆ ಬಿಟ್ಟರೆ ಗುಚ್ಛ ಕಟ್ಟುವುದು ಕಡಿಮೆಯಾಗುತ್ತದೆ. ಕಾರ್ಡನ್ನು ನಿಮಿಷಕ್ಕೆ 100 ಸುತ್ತಿನ ವೇಗದಲ್ಲಿ 8 ನಿಮಿಷ ತಿರುಗಿಸಬೇಕು. ಸೀರಂ ಬಿಸಿ ಮಾಡುವ ಕೆಲಸವಿಲ್ಲ. ಸಿಫಿಲಿಸ್‌ನದೇ ಇನ್ನೊಂದು ಪರೀಕ್ಷೆ ವಿಡಿಆರ್‌ಎಲ್‌ಗಾದರೆ ಸೀರಂ ಅನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಲೇಬೇಕು.

(ಸಿಫಿಲಿಸ್ ಆಯುರ್ವೇದದಲ್ಲಿ ಫಿರಂಗರೋಗ, ಪರಂಗಿಯವರ ಜೊತೆ ಬಂದದ್ದು ಅಂತ. ಪರಂಗಿ ಹಣ್ಣು, ಪರಂಗಿ ಹುಣ್ಣು: ನೆನಪಿಡಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.)

ಆ ಹುಣ್ಣು ಸೋಂಕು ತಗುಲಿದ 9ರಿಂದ 90 ದಿನದೊಳಗೆ ಏಳುತ್ತದೆ, ಸಾಮಾನ್ಯವಾಗಿ ಮೂರು ವಾರಕ್ಕೆ. ನೋವಿಲ್ಲ, ತಾನಾಗಿಯೇ ಮಾಯುತ್ತದೆ, ಜನ ಗುಣವಾಯಿತು ಅಂದುಕೊಳ್ಳುತ್ತಾರೆ. ಹುಣ್ಣು ಹೊಸದಾಗಿದ್ದಾಗ ರಕ್ತಪರೀಕ್ಷೆ ನೆಗೆಟಿವ್ ಬರಬಹುದು. ಎರಡನೇ ಹಂತದಲ್ಲಿ ಪ್ರತಿಕಾಯ ವಿಪರೀತ ಹೆಚ್ಚಿ, ಸೀರಂ ತೆಳು ಮಾಡದೆ ಹಾಕಿದರೆ ಅಲ್ಲೂ ನೆಗೆಟಿವ್ ಬರಬಹುದು. ಇದೇ ಪ್ರೋಜೋನ್. ಇದಕ್ಕೆ ತದ್ವಿರುದ್ಧವಾಗಿ ಗರ್ಭಿಣಿ, ಕುಷ್ಠ, ಮಲೇರಿಯಾ, ಲೂಪಸ್ ಇರುವವರಲ್ಲಿ ಸುಳ್ಳು ಪಾಸಿಟಿವ್ ಬರಬಹುದು, ಆದ್ದರಿಂದ ಸಿಫಿಲಿಸ್ ರೋಗಾಣುವಿಗೇ ಮೀಸಲಾದ ಟಿಪಿಎಚ್‌ಎ ಪರೀಕ್ಷೆಯಿಂದ ಖಚಿತಪಡಿಸಬೇಕು. ಟಿಪಿಎಚ್‌ಎ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಉಳಿಯುವುದರಿಂದ ಚಿಕಿತ್ಸೆಯ ಫಲ ನೋಡಲು ಆರ್‌ಪಿಆರ್ ಟೈಟರೇ (ಸೀರಂ ಎಷ್ಟು ಪಟ್ಟು ತೆಳು ಮಾಡುವವರೆಗೂ ಪಾಸಿಟಿವ್ ಬರುತ್ತದೆ ಎನ್ನುವ ಅಳತೆ) ಗತಿ. 1:32 ಇದ್ದದ್ದು 1:8ಕ್ಕೆ ಇಳಿದರೆ ನಾಲ್ಕು ಪಟ್ಟು, ಅದು ನಿಜವಾದ ಇಳಿಕೆ. 1:16ರಿಂದ 1:8ಕ್ಕೆ ಬಂದರೆ ಇಳಿಕೆ ಅಂತ ಬರೆಯಬೇಡಿ, ವೈವಾದಲ್ಲಿ ಇದನ್ನೇ ಕೇಳುತ್ತಾರೆ.

ಲ್ಯಾಬ್ ಸೌಲಭ್ಯ ಇಲ್ಲದ ಕಡೆ ಲಕ್ಷಣ ನೋಡಿ ಬಣ್ಣದ ಔಷಧ ಕಿಟ್ ಕೊಡುವ ಪದ್ಧತಿ ಇದೆ. ಮೂತ್ರನಾಳದ ಸ್ರಾವಕ್ಕೆ ಬೂದು, ಯೋನಿಸ್ರಾವಕ್ಕೆ ಹಸಿರು, ಹರ್ಪಿಸ್ ಅಲ್ಲದ ಹುಣ್ಣಿಗೆ ಬಿಳಿ, ಹರ್ಪಿಸ್‌ಗೆ ಕೆಂಪು. ಲಕ್ಷಣವೇ ಇಲ್ಲದವರು ಈ ಜಾಲರಿಯಿಂದ ಜಾರಿಹೋಗುತ್ತಾರೆ. ಸಂಗಾತಿಗೂ ಚಿಕಿತ್ಸೆಯಾಗದಿದ್ದರೆ ಅದೇ ಮುಖ ಮತ್ತೆ ಲ್ಯಾಬ್ ಬಾಗಿಲಿಗೆ.

ಇವುಗಳಲ್ಲಿ ಯಾವ ಸೋಂಕು ಕಂಡರೂ ಎಚ್‌ಐವಿ ಪರೀಕ್ಷೆಗೂ ಕಳಿಸುತ್ತಾರೆ, ಹುಣ್ಣಿದ್ದರೆ ವೈರಸ್ಸಿಗೆ ದಾರಿ ಸಲೀಸು. ಲಕ್ಷಣವಿಲ್ಲದವರಲ್ಲಿ ಬೇರೆ ಬೇರೆ ಮಾದರಿಯ ಮೂರು ಪರೀಕ್ಷೆಯೂ ರಿಯಾಕ್ಟಿವ್ ಬಂದರೆ ಮಾತ್ರ ಪಾಸಿಟಿವ್. ಇತ್ತೀಚಿನ ಸಂಪರ್ಕವಾಗಿದ್ದು ನೆಗೆಟಿವ್ ಬಂದರೆ ಮೂರು ತಿಂಗಳಿಗೆ ಇನ್ನೊಮ್ಮೆ. ಒಪ್ಪಿಗೆ ಮತ್ತು ಗುಟ್ಟು ಕಾಯುವುದು 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಕಡ್ಡಾಯ. ರಿಪೋರ್ಟ್ ಕೊಡುವಾಗ ಹೆಸರು ಕೂಗದೆ ನಂಬರ್ ಕೂಗಿ. ತಾಲೂಕು ಆಸ್ಪತ್ರೆಯ ಬೆಂಚಿನ ಮೇಲೆ ಕೂತವರಲ್ಲಿ ಅರ್ಧ ಜನ ಒಬ್ಬರಿಗೊಬ್ಬರು ನೆಂಟರೇ ಆಗಿರುತ್ತಾರೆ.